ದೇವರ ಖಾತೆಯ ತೆರಿಗೆ

ಶಿರಾದಲ್ಲಿ ನಮ್ಮಪ್ಪನದು ಕಡಲೆಕಾಯಿ ಮಂಡಿ. ಮುಂದುಗಡೆ ಅಪ್ಪ ಕೂರುವ ಗಾದಿ, ತಕ್ಕಡಿ, ಮೂಟೆಗಳು. ಹಿಂದುಗಡೆ ಎತ್ತರದ ಗೋಡೆಯ ಹಿತ್ತಲು. ಸುಗ್ಗಿ ಶುರುವಾಯಿತೆಂದರೆ ಆ ಹಿತ್ತಲಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ಸಾಲಾಗಿ ಕೂತು ಕಾಯಿ ಸುಲಿಯುತ್ತಿದ್ದರು. ನಮ್ಮ ಪೈಕಿಯವರು, ಬೇರೆ ಕೇರಿಗಳವರು, ಮಸೀದಿ ಬೀದಿಯ ಸಾಬರ ಮನೆಯವರು, ಎಲ್ಲರೂ ಇದ್ದರು. ಸಂಜೆ ಬೀಜವನ್ನು ಸೇರಿನಲ್ಲಿ ಅಳೆದು ಕೂಲಿ ಕೊಡುವುದು ನಮ್ಮವ್ವನ ಕೆಲಸ.

ಕೂಲಿ ತೆಗೆದುಕೊಂಡ ಹೆಂಗಸು ಅದರಲ್ಲಿ ಒಂದಾಣೆಯನ್ನೋ ಎರಡಾಣೆಯನ್ನೋ ಅಲ್ಲೇ ಅವ್ವನ ಕೈಗೆ ವಾಪಸ್ಸು ಇಟ್ಟು ಹೋಗುವುದು ನಮ್ಮ ಮಂಡಿಯಲ್ಲಿ ಹಿಂದಿನಿಂದ ಬಂದ ಪದ್ಧತಿ. ಮನೆಗೆ ಒಯ್ದರೆ ಅದು ಗಂಡನ ಪಾಲು, ಇಲ್ಲವೇ ಮೈದುನನ ಪಾಲು. ಹೀಗೆ ಇಟ್ಟ ದುಡ್ಡಿಗೆ ಅಪ್ಪ ಬೇರೆ ಪುಸ್ತಕ ಮಾಡಿದ್ದರು. ಮೊದಲ ಪುಟಕ್ಕೆ ವಿಭೂತಿ ಹಚ್ಚಿ 'ದೇವರ ಖಾತೆ' ಎಂದು ಬರೆದಿದ್ದರು. ಒಳಗೆ ಬಂದ ದುಡ್ಡು, ಹೋದ ದುಡ್ಡು, ತಾರೀಖು, ಅಷ್ಟೇ. ಯಾರ ಹೆಸರೂ ಇರಲಿಲ್ಲ. ಅದೇ ಹೆಂಗಸರ ಗಂಡಂದಿರು ಗಾದಿಯ ಪಕ್ಕ ಕೂತು ಎಲೆ ಅಡಿಕೆ ಹಾಕಿಕೊಳ್ಳುವವರು. ತೆರೆದ ಪುಸ್ತಕದ ಮೇಲೆ ಯಾರ ಕಣ್ಣು ಯಾವಾಗ ಬೀಳುತ್ತದೋ ಯಾರು ಬಲ್ಲರು. ಯಾರದೆಷ್ಟು ಎಂಬುದೆಲ್ಲ ಅವ್ವನ ನೆನಪಿನಲ್ಲಿತ್ತು.

ನನ್ನ ಗಂಡ ತೀರಿಕೊಂಡು ನಾನು ತವರಿಗೆ ಬಂದ ಎರಡು ವರ್ಷಕ್ಕೆ ಅವ್ವ ಹಾಸಿಗೆ ಹಿಡಿದಳು. ಮಾತು ನಿಲ್ಲುವ ಮುಂಚೆ ಮೂರು ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಹೆಸರುಗಳನ್ನೆಲ್ಲ ಹೇಳಿಸಿದಳು. ಇಂಥವಳದು ಇಷ್ಟು, ಇಂಥವಳು ಯಾವ ಹಬ್ಬಕ್ಕೆ ತೆಗೆಯುತ್ತಾಳೆ, ಯಾತಕ್ಕೆ ಕೂಡಿಡುತ್ತಿದ್ದಾಳೆ. ತಪ್ಪಿದರೆ ಮತ್ತೆ ಮೊದಲಿಂದ ಹೇಳಿಸುತ್ತಿದ್ದಳು. "ಸಾಯೋಗಂಟ ನಿನ್ನ ಬಾಯಲ್ಲೇ ಇರ್ಬೇಕು ಕಣವ್ವ" ಅಂದಳು. ಮಗಳಿಗೆ ಬೇರೇನೂ ಹೇಳದೆ ಹೋದಳಲ್ಲ ಎಂದು ನನಗೆ ಆಗ ಸಿಟ್ಟೇ ಬಂದಿತ್ತು.

ಅಷ್ಟರಲ್ಲಿ ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾನು ಮಿಡ್ಲ್ ಸ್ಕೂಲು ಪಾಸಾದವಳು, ಅಕ್ಷರ ದುಂಡಗೆ. ಗಾದಿಯ ಹಿಂದಿನ ಕೋಣೆಯಲ್ಲಿ ಕೂತು ಮಂಡಿಯ ಲೆಕ್ಕವನ್ನೆಲ್ಲ ನಾನೇ ಬರೆಯತೊಡಗಿದೆ. ಗಂಡ ಸತ್ತವಳು ಅಂಗಡಿ ಪುಸ್ತಕ ಬರೆಯುತ್ತಾಳೆಂದು ಊರಿನಲ್ಲಿ ನಾಲ್ಕು ದಿನ ಮಾತಾಡಿದರು. ಆಮೇಲೆ ಅವರೇ ಬಂದು ತಮ್ಮ ಕಾಗದ ಪತ್ರಗಳನ್ನು ನನ್ನ ಕೈಲಿ ಓದಿಸಿಕೊಂಡರು.

ವರಮಾನ ತೆರಿಗೆ ಎಂಬುದು ನಮಗೆ ಹೊಸದಲ್ಲ. ವರ್ಷಕ್ಕೊಮ್ಮೆ ತೆರಿಗೆ ಆಫೀಸರು ತುಮಕೂರಿನಿಂದ ಬಂದು ಸರ್ಕಾರಿ ಬಂಗಲೆಯಲ್ಲಿ ಇಳಿಯುತ್ತಿದ್ದರು. ವರ್ತಕರು ಪುಸ್ತಕ ಹೊತ್ತುಕೊಂಡು ಹೋಗುತ್ತಿದ್ದರು. ಹಿಂದಿನ ಆಫೀಸರು ಮೂಟೆ ಎಷ್ಟು ಹೋಯಿತೆಂದು ಕೇಳಿ ಅಂದಾಜಿನಲ್ಲಿ ಹಾಕಿದ್ದನ್ನು ಅಪ್ಪ ಚೌಕಾಸಿ ಮಾಡದೆ ಕಟ್ಟುತ್ತಿದ್ದರು. ಎರಡನೆಯ ಮಹಾಯುದ್ಧ ಶುರುವಾದ ಹೊಸದರಲ್ಲಿ ಬೇರೆ ಆಫೀಸರು ಬಂದರು. ಎಲ್ಲ ಲೆಕ್ಕದ ಪುಸ್ತಕಗಳನ್ನೂ ಹಾಜರುಪಡಿಸಬೇಕೆಂದು ನೋಟೀಸು ಬಂತು.

ಆ ವರ್ಷದ ತೆರಿಗೆ ನಮೂನೆಯನ್ನು ಮೊದಲ ಸಲ ನಾನೇ ತುಂಬಿದೆ. ಒಂದು ಚಿತ್ತಿಲ್ಲ, ಒಂದು ಹೊಡೆದುಹಾಕಿದ ಅಕ್ಷರವಿಲ್ಲ. ಊರಿನ ಯಾವ ಗುಮಾಸ್ತನೂ ಹಾಗೆ ಬರೆದಿರಲಾರ ಎಂಬ ಜಂಬ ನನಗೆ. ಪುಸ್ತಕಗಳನ್ನು ಬಟ್ಟೆಯಲ್ಲಿ ಕಟ್ಟುವಾಗ ದೇವರ ಖಾತೆಯನ್ನೂ ಸೇರಿಸಿದೆ. ಅಪ್ಪ ಕೈಯಾಡಿಸಿ ಅದರ ರಟ್ಟನ್ನು ಗುರುತಿಸಿದರು.

"ಅದನ್ಯಾಕೆ ತಗೀತೀಯ? ಅದು ಯಾಪಾರ ಅಲ್ಲ, ಬುಡು."

"ಎಲ್ಲಾ ತನ್ನಿ ಅಂತ ಬರ್ದವ್ರೆ ಅಪ್ಪಾ. ಮುಚ್ಚಿಡೋಕೆ ನಮಗೇನಾಗೈತೆ?" ಅಂದೆ.

ಅಪ್ಪ ರಟ್ಟಿನ ಮೇಲಿಂದ ಕೈ ತೆಗೆದರು. ಓದು ಬಂದವಳು ನಾನು, ನನಗೆ ಗೊತ್ತಿರುತ್ತದೆ ಎಂದುಕೊಂಡಿರಬೇಕು.

ಅಪ್ಪನ ಕೈ ಹಿಡಿದು ಬಂಗಲೆಗೆ ನಾನೇ ಕರೆದುಕೊಂಡು ಹೋದೆ. ವರಾಂಡದಲ್ಲಿ ಹತ್ತು ಹನ್ನೆರಡು ವರ್ತಕರು ಕಾದಿದ್ದರು. ಒಳಗೆ ಮೇಜಿನ ಹಿಂದೆ ಆಫೀಸರು. ಸಣ್ಣ ವಯಸ್ಸು, ಗಂಭೀರ ಮುಖ. ಅಡ್ಡಾದಿಡ್ಡಿ ಮಾತಾಡುವವರಲ್ಲ. ಮಂಡಿಯ ಲೆಕ್ಕವನ್ನು ಅರ್ಧ ಗಂಟೆ ನೋಡಿ, ಸರಿಯಾಗಿದೆ ಎಂದು ತಲೆಯಾಡಿಸಿದರು. ಆಮೇಲೆ ದೇವರ ಖಾತೆಯನ್ನು ಕೈಗೆ ತೆಗೆದುಕೊಂಡರು.

ಅದೇ ಹೊತ್ತಿಗೆ ಬಂಗಲೆಯ ಅಡಿಗೆಯವನು ಚಹಾ ಹಿಡಿದು ಬಂದು ಮೇಜಿನ ಪಕ್ಕ ನಿಂತ. ಅವನ ಹೆಂಡತಿ ನಮ್ಮ ಹಿತ್ತಲಲ್ಲಿ ಸುಲಿಯುವವಳು. ಆ ಪುಸ್ತಕದಲ್ಲಿ ಎಲ್ಲರಿಗಿಂತ ದೊಡ್ಡ ಮೊತ್ತ ಅವಳದು. ಎಂಟು ವರ್ಷದಿಂದ ಮಗಳ ನಿಕಾಕ್ಕೆಂದು ಇಡುತ್ತ ಬಂದಿದ್ದಳು. ಅವನು ಕುಡುಕನಲ್ಲ, ಜೂಜುಗಾರನಲ್ಲ. ಯಾರು ಬಂದು ಕಷ್ಟ ಹೇಳಿಕೊಂಡರೂ ಇದ್ದದ್ದನ್ನೆಲ್ಲ ಕೊಟ್ಟುಬಿಡುವ ಮನುಷ್ಯ. ಹೆಂಡತಿಯ ಬೆಳ್ಳಿ ಕಡಗವನ್ನೂ ಹಾಗೆಯೇ ಅಣ್ಣನಿಗೆ ಕೊಟ್ಟಿದ್ದ. ಈ ದುಡ್ಡಿನ ಸುದ್ದಿ ಅವನ ಕಿವಿಗೆ ಬಿದ್ದರೆ ಮಗಳ ಮದುವೆ ಮುಗಿದಂತೆಯೇ ಎಂದು ಅವಳು ಅವ್ವನ ಹತ್ತಿರ ಅತ್ತಿದ್ದಳು.

"ಯಜಮಾನರೆ," ಎಂದು ಆಫೀಸರು ಪುಟ ತಿರುಗಿಸುತ್ತ ಕೇಳಿದರು, "ನಿಮ್ಮ ದೇವರು ಸುಗ್ಗಿಯಲ್ಲಿ ದಿನವೂ ದುಡ್ಡು ಇಡುತ್ತಾನೆ. ಗೌರಿ ಹಬ್ಬಕ್ಕೆ ಸ್ವಲ್ಪ ತೆಗೆಯುತ್ತಾನೆ. ರಂಜಾನಿಗೂ ತೆಗೆಯುತ್ತಾನೆ. ಇದು ಯಾವ ದೇವರು?"

"ಅದು ನಮ್ದಲ್ಲ ಸ್ವಾಮಿ. ನಂಬಿ ಇಟ್ಟೋರ ದುಡ್ಡು," ಎಂದರು ಅಪ್ಪ.

"ಹಾಗಾದರೆ ಯಾರ್ಯಾರದು ಎಷ್ಟೆಷ್ಟು ಎಂದು ಹೇಳಿ. ಬರೆದುಕೊಂಡು ನಿಮ್ಮ ವರಮಾನದಿಂದ ಬಿಟ್ಟುಬಿಡುತ್ತೇನೆ." ಆಮೇಲೆ ನನ್ನ ಕಡೆ ತಿರುಗಿದರು. "ಬರೆದವರು ನೀವಲ್ಲವೇ ಅಮ್ಮ? ನೀವೇ ಹೇಳಿ."

ಹೆಸರುಗಳೆಲ್ಲ ನನ್ನ ನಾಲಿಗೆಯ ಮೇಲಿದ್ದವು. ಒಂದನ್ನು ಬಿಟ್ಟು ಉಳಿದದ್ದನ್ನು ಹೇಳಿದರೆ ಕೂಡಿದ ಲೆಕ್ಕ ತಾಳೆಯಾಗುವುದಿಲ್ಲ. ಅಲ್ಲದೆ ವರಾಂಡದಲ್ಲಿ ಅರ್ಧ ಊರೇ ಕಿವಿ ಕೊಟ್ಟು ನಿಂತಿತ್ತು. ಅಡಿಗೆಯವನನ್ನು ಆಚೆ ಕಳಿಸಿ ಎಂದರೆ ಅವನಿಗೆ ಗೊತ್ತಾಗಲು ಅಷ್ಟೇ ಸಾಕು. ನಾನು ನೆಲ ನೋಡುತ್ತ ನಿಂತೆ.

"ಚಾ ಸಾಹೇಬ್" ಎಂದ ಅಡಿಗೆಯವನು.

ಅಪ್ಪನಿಗೆ ಕಣ್ಣು ಕಾಣದಿದ್ದರೂ ದನಿ ಸಿಕ್ಕಿತು. ಆ ಕಡೆಗೊಮ್ಮೆ ಮುಖ ತಿರುಗಿಸಿದರು. ಆಮೇಲೆ ಆಫೀಸರ ಕಡೆ ಕೈ ಮುಗಿದು ಹೇಳಿದರು:

"ಬರ್ಕಳಿ ಸ್ವಾಮಿ. ಅದು ನಂದೇ ದುಡ್ಡು. ದೇವರ ಹೆಸರಾಗೆ ಮಡಿಕ್ಕಂಡಿದ್ದೆ."

ಆಫೀಸರು ಲೇಖನಿ ಕೆಳಗಿಟ್ಟರು. "ಯೋಚನೆ ಮಾಡಿ ಹೇಳುತ್ತಿದ್ದೀರಾ? ಬಚ್ಚಿಟ್ಟದ್ದಕ್ಕೆ ದಂಡವೂ ಬೀಳುತ್ತದೆ."

"ಬೀಳಲಿ ಸ್ವಾಮಿ."

ರುಜು ಹಾಕುವ ಜಾಗಕ್ಕೆ ಅಪ್ಪನ ಬೆರಳನ್ನು ನಾನೇ ತಂದು ಇಟ್ಟೆ. ಸೇರಿನಲ್ಲಿ ಒಂದು ಕಾಳು ತಪ್ಪಿಸದ ಮನುಷ್ಯ ಹುಟ್ಟಿದ ಮೇಲೆ ಹೇಳಿದ ಮೊದಲನೆಯ ಸುಳ್ಳಿಗೆ ಸರ್ಕಾರಿ ಕಾಗದದ ಮೇಲೆ ರುಜು ಹಾಕಿದರು.

ದಾರಿಯಲ್ಲಿ, "ಅಪ್ಪಾ, ತಪ್ಪು ನಂದು" ಅಂದೆ.

"ನಿಂದೇ ಕಣವ್ವ," ಅಂದರು. ಸ್ವಲ್ಪ ದೂರ ನಡೆದ ಮೇಲೆ, "ಬಾಯಿ ಬುಡ್ಲಿಲ್ಲವಲ್ಲ, ಅಷ್ಟು ಸಾಕು ಬುಡು" ಅಂದರು.

ತೆರಿಗೆಯ ಆದೇಶ ಬಂತು. ದೇವರ ಖಾತೆಯಲ್ಲಿದ್ದದ್ದೆಲ್ಲ ಅಪ್ಪನ ವರಮಾನವಾಗಿತ್ತು, ಅದರ ಮೇಲೆ ತೆರಿಗೆ, ತೆರಿಗೆಯ ಜೊತೆಗೆ ದಂಡ. ಹೆಂಗಸರ ದುಡ್ಡನ್ನು ಮುಟ್ಟುವ ಹಾಗಿರಲಿಲ್ಲ. ಎತ್ತಿನ ಜೋಡಿ ಮಾರಿದೆವು, ಸಾಲದ್ದಕ್ಕೆ ಪೆಟ್ಟಿಗೆಯಲ್ಲಿದ್ದ ನನ್ನ ಮದುವೆಯ ಎರಡು ಬಳೆ ಮಾರಿದೆವು. ಬಳೆ ಹೋದದ್ದಕ್ಕೆ ನನಗೆ ದುಃಖವಾಗಲಿಲ್ಲ. ಅವುಗಳನ್ನು ಇನ್ನು ತೊಡುವವರು ಯಾರಿದ್ದರು.

ದುಃಖವಾದದ್ದು ಬೇರೆಯದಕ್ಕೆ. ಈಶ್ವರನ ಗುಡಿಯ ಹುಂಡಿಯ ಕೀಲಿಕೈ ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿತ್ತು. ವರಾಂಡದಲ್ಲಿ ನಿಂತವರು ಕೇಳಿದ್ದು ಊರೆಲ್ಲ ಹರಡಿ, ಒಂದು ಸೋಮವಾರ ನಾಲ್ಕು ಜನ ಹಿರಿಯರು ಬಂದು ಕೂತರು. ಮಳೆ ಬೆಳೆ ಮಾತಾಡಿದರು. ಕೊನೆಗೆ ಒಬ್ಬರು, "ನೀವೇನೂ ತಿಳ್ಕಬ್ಯಾಡಿ ಗೌಡ್ರೆ, ದೇವರ ಹೆಸರಾಗೆ ದುಡ್ಡು ಮಡಗಿದ್ದೆ ಅಂತ ನಿಮ್ಮ ಬಾಯಲ್ಲೇ ಬಂದೈತೆ. ನಾಳೆ ಜನ ನಮ್ಮನ್ನ ಕೇಳ್ತಾರೆ" ಅಂದರು. ಅಪ್ಪ ಎದ್ದು, ಗೋಡೆ ತಡವುತ್ತ ಹೋಗಿ, ಗೂಟದಿಂದ ಕೀಲಿಕೈ ತೆಗೆದು ಕೊಟ್ಟರು. ಆಮೇಲೆ ಗುಡಿಗೆ ಹೋದಾಗಲೆಲ್ಲ ಒಳಗೆ ಹೋಗದೆ ಹೊರಗಿನ ಕಂಬದ ಹತ್ತಿರ ನಿಂತು ಕೈ ಮುಗಿದು ಬರುತ್ತಿದ್ದರು.

ಹಿತ್ತಲಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಮೆಲ್ಲಗೆ ಕೇಳಿದ್ದು ಒಂದೇ ಮಾತು: "ನಮ್ಮ ದುಡ್ಡು ಐತಾ ಅವ್ವ?" ನನಗೆ ಮೈಯೆಲ್ಲ ಉರಿಯಿತು. ನಿಮ್ಮ ದುಡ್ಡು ಇದೆ, ನಮ್ಮಪ್ಪನ ಮಾನ ಇಲ್ಲ ಎಂದು ಹೇಳಬೇಕೆನಿಸಿತು. "ಐತೆ ಅಂತ ಹೇಳವ್ವ, ಪಾಪ, ಹೆದರ್ಕಂಡವ್ರೆ" ಎಂದರು ಅಪ್ಪ ಗಾದಿಯಿಂದ. ಅಡಿಗೆಯವನ ಹೆಂಡತಿ ಮಾತ್ರ ಏನೂ ಕೇಳಲಿಲ್ಲ. ತಲೆ ಬಗ್ಗಿಸಿ ಸುಲಿಯುತ್ತಿದ್ದಳು.

ಆ ಬೇಸಗೆಯಲ್ಲಿ ಅಪ್ಪನಿಗೆ ಜ್ವರ ಬಂತು, ಒಂಬತ್ತು ದಿನ ಇತ್ತು, ಹೋದರು. ಮಣ್ಣಿಗೆ ಊರಿನವರೆಲ್ಲ ಬಂದರು, ಬರಲಿಲ್ಲವೆಂದು ದೂರಲಾರೆ. ಆದರೆ ನನಗೆ ಕೇಳುವಷ್ಟು ದೂರದಲ್ಲೇ ಒಬ್ಬರು, "ಒಳ್ಳೆ ಮನುಷ್ಯನೇ, ದೇವರ ದುಡ್ಡಿನದ್ದೊಂದು ಬುಟ್ರೆ" ಅಂದರು. ಆ ಮಾತು ಆಡಿದವರ ಮನೆಗೆ ನಾನು ಈವರೆಗೂ ಕಾಲಿಟ್ಟಿಲ್ಲ.

ಮುಂದಿನ ಸುಗ್ಗಿಯಲ್ಲಿ ಅಡಿಗೆಯವನ ಮಗಳ ನಿಕಾ ಆಯಿತು. ಅವನ ಹೆಂಡತಿಗೆ ಅವಳ ದುಡ್ಡನ್ನು ಒಂದು ಕಾಸು ಕಡಿಮೆಯಾಗದಂತೆ ಎಣಿಸಿ ಕೊಟ್ಟೆ. ತವರಿನ ಅಣ್ಣ ಕೊಟ್ಟನೆಂದು ಮನೆಯಲ್ಲಿ ಹೇಳಿದಳಂತೆ. ಮದುವೆಯಾಗಿ ಹದಿನೈದು ದಿನಕ್ಕೆ ಅಡಿಗೆಯವನು ಮಂಡಿಯ ಬಾಗಿಲಿಗೆ ಬಂದ. ಟೋಪಿ ತೆಗೆದು ಕೈಲಿ ಹಿಡಿದಿದ್ದ.

"ಆವತ್ತೇ ಗೊತ್ತಾಯ್ತು ಅಮ್ಮ. ಸಾಹೇಬ್ರು ರಂಜಾನ್ ಅಂದ್ರು, ಸಾವ್ಕಾರ್ರು ನನ್ ಕಡೆ ತಿರುಗಿದ್ರು. ಅದು ನನ್ನ ಹೆಂಡ್ತಿದು ಅಂತ ಆಗ್ಲೇ ಗೊತ್ತಾಯ್ತು."

"ಮತ್ಯಾಕೆ ಹೇಳಲಿಲ್ಲ?" ನನ್ನ ದನಿ ನನಗೇ ಗುರುತು ಸಿಗದಷ್ಟು ಗಡುಸಾಗಿತ್ತು.

"ಹೇಳಿದ್ರೆ ದುಡ್ಡು ಮನೇಗ್ ಬರ್ತಿತ್ತು. ಮನೇಗ್ ಬಂದ್ರೆ ನನ್ನ ಕೈಲಿ ನಿಲ್ತಿರ್ಲಿಲ್ಲ. ನನ್ ಗುಣ ನಂಗೊತ್ತಲ್ಲ. ಮಗಳ ನಿಕಾ ಆಗೋಗ್ಲಿ, ಆಮೇಲೆ ಸಾಹೇಬ್ರ ಕಾಲು ಹಿಡ್ದು ಹೇಳ್ತೀನಿ ಅಂತ ಕಾದೆ. ಸಾವ್ಕಾರ್ರು ಕಾಯ್ಲಿಲ್ಲ." ಅವನ ಕಣ್ಣಲ್ಲಿ ನೀರು ಬಂತು.

ನಾನು ಅವನನ್ನು ಕೂರು ಎನ್ನಲಿಲ್ಲ. ಅವನು ಹೋದ ಮೇಲೆ, ಒಂದು ಲೋಟ ನೀರಾದರೂ ಕೊಡಬೇಕಿತ್ತು ಎನಿಸಿತು.

ಆಫೀಸರು ಮತ್ತೆ ಬಂಗಲೆಗೆ ಬಂದಾಗ ಅವನು ನಡೆದದ್ದನ್ನೆಲ್ಲ ಹೇಳಿದ. ಆಫೀಸರು ಯಾರನ್ನೂ ಕರೆಸಲಿಲ್ಲ. ಒಂದು ಸಂಜೆ ತಾವೇ ನಮ್ಮ ಮಂಡಿಗೆ ಬಂದು, ಹಿತ್ತಲ ಬಾಗಿಲಲ್ಲಿ ನಿಂತರು. ನಾನು ಕೂಲಿ ಕೊಡುತ್ತಿದ್ದೆ. ಕೂಲಿ ಪಡೆದ ಕೈ ಒಂದಾಣೆಯನ್ನು ನನ್ನ ಅಂಗೈಗೆ ವಾಪಸ್ಸು ಇಟ್ಟು ಸರಿಯುತ್ತಿತ್ತು, ಮುಂದಿನ ಕೈ ಬರುತ್ತಿತ್ತು. ಕೊನೆಯವಳು ಹೋಗುವ ತನಕ ಅವರು ನೋಡುತ್ತಲೇ ಇದ್ದರು. ಒಂದು ಹೆಸರನ್ನೂ ಕೇಳಲಿಲ್ಲ. "ನಿಮ್ಮ ತಂದೆಯವರು ಇದ್ದಾಗಲೇ ನಾನು ಬಂದು ನೋಡಬೇಕಾಗಿತ್ತು ಅಮ್ಮ" ಎಂದು ಹೇಳಿ ಹೊರಟುಹೋದರು.

ಹಳೆಯ ಆದೇಶ ರದ್ದಾಗಿ, ಕಟ್ಟಿದ ಹಣವನ್ನು ವಾಪಸ್ಸು ಕೊಡಬೇಕೆಂದು ಕಾಗದ ಬಂತು. ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ತುಮಕೂರಿಗೆ ಹೋಗಿ, ಖಜಾನೆಯಲ್ಲಿ ಮೃತರ ವಾರಸುದಾರಳು ಎಂದು ರುಜು ಹಾಕಿ ತಂದೆ. ಆ ಸುದ್ದಿಯೂ ಊರಿಗೆ ಹಬ್ಬಿತು. ಅದೇ ನಾಲ್ಕು ಜನ ಕೀಲಿಕೈ ಹಿಡಿದುಕೊಂಡು ಬಂದರು. ನಾನು ಕೈ ಚಾಚಲಿಲ್ಲ. "ಇಸ್ಕೊಂಡಿದ್ದು ಅಪ್ಪನ ಕೈಯಿಂದ. ಅವರಿಗೇ ಕೊಡಿ" ಅಂದೆ. ಕೀಲಿಕೈ ಹಿಡಿದುಕೊಂಡೇ ಎದ್ದುಹೋದರು.

ವಾಪಸ್ಸು ಬಂದ ಹಣವನ್ನು ಖರ್ಚು ಮಾಡಲು ಮನಸ್ಸಾಗಲಿಲ್ಲ. ದೇವರ ಖಾತೆಗೆ ಜಮಾ ಮಾಡಿದೆ. ಎಲ್ಲದರ ಹಾಗೆ ತಾರೀಖು, ಮೊತ್ತ, ಅಷ್ಟೇ. ಮುಂದಿನ ವರ್ಷ ನಮೂನೆ ತುಂಬಿ, ಪುಸ್ತಕಗಳನ್ನು ಕಟ್ಟಿಕೊಂಡು ಬಂಗಲೆಗೆ ಒಬ್ಬಳೇ ಹೋದೆ. ಅದೇ ಆಫೀಸರು. ದೇವರ ಖಾತೆಯ ಪುಟಗಳನ್ನು ಏನೂ ಕೇಳದೆ ತಿರುಗಿಸುತ್ತ ಬಂದು, ನಾನು ಜಮಾ ಮಾಡಿದ್ದ ಆ ದೊಡ್ಡ ಮೊತ್ತದ ಮೇಲೆ ಬೆರಳಿಟ್ಟರು.

"ಇದು ಕೂಲಿಯ ದುಡ್ಡಲ್ಲ. ಇದೊಂದನ್ನು ಮಾತ್ರ ಕೇಳಲೇಬೇಕಾಗಿದೆ ಅಮ್ಮ. ಯಾರದು?"

ವರಾಂಡದಲ್ಲಿ ವರ್ತಕರು ಕಾದಿದ್ದರು. ಅಡಿಗೆಯವನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ನಮ್ಮಪ್ಪಂದು ಸ್ವಾಮಿ. ಈ ಖಾತೇಲಿ ಅವರದು ಇದೊಂದೇ. ಅವರ ಹೆಸರು ಬರ್ಕೊಳ್ಳಿ."