ಅರ್ಧ ಎಳೆದ ಶಟರ್

ಗುಬ್ಬಿಯ ಕಾಲೇಜಿನಲ್ಲಿ ಅಂತಾರಾಷ್ಟ್ರೀಯ ರಾಜಕೀಯದಲ್ಲಿ ಅಭಿವೃದ್ಧಿಶೀಲ ದೇಶಗಳ ಪಾತ್ರದ ಬಗ್ಗೆ ಒಂದೂವರೆ ಗಂಟೆ ಮಾತಾಡಿ ಗಂಟಲು ಕಟ್ಟಿತ್ತು. ಊರು ಕುಣಿಗಲ್‌ಗೆ ಹೊರಟವನು ತುಮಕೂರಿನ ಗುಬ್ಬಿ ಗೇಟ್‌ನಲ್ಲಿ ಸಿಕ್ಕಿಹಾಕಿಕೊಂಡೆ. ಎರಡು ಗುಂಪುಗಳ ಜಗಳ. ಒಂದು ಗುಂಪಿನವರು ಬಂದ್ ಅಂದಿದ್ದಾರೆ, ಇನ್ನೊಂದು ಗುಂಪಿನವರು ಅಂಗಡಿ ತೆಗೀಲೇಬೇಕು ಅಂದಿದ್ದಾರೆ. ಬಸ್ಸಿಲ್ಲ, ನಿಲ್ಲೋಕೆ ಕಾಲಲ್ಲಿ ಶಕ್ತಿಯೂ ಇಲ್ಲ. ಸಾಲಿನ ಅಂಗಡಿಗಳೆಲ್ಲ ಶಟರ್ ಅರ್ಧ ಎಳೆದುಕೊಂಡಿದ್ದವು. ಸೈಕಲ್ ಸಾಮಾನಿನ ಅಂಗಡಿಯೊಂದಕ್ಕೆ ಬಗ್ಗಿ ನುಗ್ಗಿದೆ. ಮಾಲೀಕರು ರಹಮತ್ ಸಾಬರು ಸ್ಟೂಲ್ ಕೊಟ್ಟು, ಏನು ಕೆಲಸ ಅಂತ ವಿಚಾರಿಸಿದರು.

"ದೊಡ್ಡ ದೇಶಗಳು ಕಿತ್ತಾಡುವಾಗ ನಮ್ಮಂಥವ್ರು ಯಾರ ಕಡೆಗೂ ಸೇರಬಾರ್ದು ಅಂತ ಪಾಠ ಮಾಡ್ತೀನಿ," ಅಂದೆ.

"ನಾವೂ ಅದೇ ಸರ್. ಇವ್ರು ಬಂದ್ರೆ ಮುಚ್ಚಿದೀವಿ ಅಂತೀವಿ, ಅವ್ರು ಬಂದ್ರೆ ತೆಗ್ದಿದೀವಿ ಅಂತೀವಿ." ಶಟರಿನ ತಳದಲ್ಲಿ ನೆಗ್ಗಿದ ಜಾಗ ತೋರಿಸಿದರು. "ಹೋದ್ಸಲ ಇಬ್ರೂ ಒದ್ದವ್ರೆ. ಪಕ್ಕದೋನು ಪೂರ್ತಿ ಮುಚ್ಚಿದ್ದ, ಅವನ್ಗೆ ಒಂದ್ ಕಡೆಯವ್ರೇ ಒದ್ದಿದ್ದು."

ಭಾಷಣದಲ್ಲಿ ಇದನ್ನು ನಾನು ಹೇಳಿರಲಿಲ್ಲ. "ಹಂಗಾದ್ರೆ ನೀವೂ ಪೂರ್ತಿ ಮುಚ್ಚಬಹುದಲ್ಲ ಸಾಬ್ರೇ?"

ಅವರು ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದರು.

"ಮುಚ್ಚಿದ್ರೆ ನೀವೆಲ್ಲಿ ಕೂತ್ಕೋತಿದ್ರಿ ಸರ್?"