ಅಕ್ಕನ ಅರ್ಜಿಯಲ್ಲಿ ಬರೆಯದ ತಾರೀಖು

ಯಾರನ್ನಾದರೂ ಪೊಲೀಸರು ಹಿಡಿದುಕೊಂಡು ಹೋದರೆ ಅವನ ಕಾಗದಪತ್ರ ಎಲ್ಲಿರುತ್ತದೆ, ನಕಲು ಪಡೆಯುವುದು ಹೇಗೆ ಎಂದು ನಮ್ಮ ಸೀಮೆಯ ಜನ ಒಂದು ಕಾಲದಲ್ಲಿ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ತಾಲ್ಲೂಕು ಕಚೇರಿಯ ಗುಮಾಸ್ತ. ನಂಜನಗೂಡಿನಲ್ಲೂ ಇದ್ದೆ, ಟಿ. ನರಸೀಪುರದಲ್ಲೂ ಇದ್ದೆ. ಈಗ ಹೇಳಹೊರಟಿರುವುದು ಎರಡರಲ್ಲಿ ಯಾವ ಊರಿನಲ್ಲಿ ನಡೆಯಿತೆಂದು ಹೇಳುವುದಿಲ್ಲ. ತಪ್ಪು ನನ್ನದು, ಊರಿನದೂ ಅಲ್ಲ, ಕಚೇರಿಯದೂ ಅಲ್ಲ.

ಆಗ ಸಬ್‌ಜೈಲು ಕಚೇರಿಯ ಆವರಣದೊಳಗೇ ಇರುತ್ತಿತ್ತು. ಒಂದು ಮಗ್ಗುಲಿಗೆ ಖಜಾನೆ, ಇನ್ನೊಂದು ಮಗ್ಗುಲಿಗೆ ಕಂಬಿ ಹಾಕಿದ ಎರಡು ಕೋಣೆ. ತಹಸೀಲ್ದಾರರೇ ಜೈಲಿನ ಮೇಲಧಿಕಾರಿ. ಅವರ ಪರವಾಗಿ ರಿಜಿಸ್ಟರ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಳಗೆ ಬಂದವನ ಹೆಸರು, ತಂದೆಯ ಹೆಸರು, ಊರು, ಮೈಮೇಲಿನ ಗುರುತು, ಬಂದ ತಾರೀಖು, ಬಿಟ್ಟ ತಾರೀಖು, ಕೊನೆಯಲ್ಲಿ ಅವನ ಹೆಬ್ಬೆಟ್ಟು. ಕೋರ್ಟಿನಿಂದ ಜೊತೆಗೆ ಬಂದ ವಾರಂಟು ಬಿಡುಗಡೆಯ ದಿನ ಕೋರ್ಟಿಗೇ ವಾಪಸ್ಸು ಹೋಗುತ್ತದೆ. ನಮ್ಮಲ್ಲಿ ಉಳಿಯುವುದು ಆ ಒಂದು ಸಾಲು ಮಾತ್ರ.

ಕೇಳಲು ಬಂದವರಿಗೆ ನಾನು ಹೇಳುತ್ತಿದ್ದದ್ದು ಇಷ್ಟು. ಮೊದಲು ಸ್ಟೇಷನ್ನಿಗೆ ಹೋಗಿ ಕೇಸಿನ ನಂಬರು ತಿಳಿದುಕೊಳ್ಳಿ, ಅದಿಲ್ಲದೆ ಯಾವ ಬಾಗಿಲೂ ತೆರೆಯುವುದಿಲ್ಲ. ಆಮೇಲೆ ಕೋರ್ಟಿನ ನಕಲು ವಿಭಾಗಕ್ಕೆ ಸ್ಟಾಂಪು ಹಚ್ಚಿದ ಅರ್ಜಿ ಕೊಡಿ. ಜೈಲಿನಲ್ಲಿದ್ದದ್ದಕ್ಕೆ ಕಾಗದ ಬೇಕಾದರೆ ತಹಸೀಲ್ದಾರರ ಹೆಸರಿಗೆ ಇನ್ನೊಂದು ಅರ್ಜಿ. ಇಷ್ಟು ಹೇಳಿ, ಕನ್ನಡಕ ತೆಗೆದು, ಒಂದು ಮಾತನ್ನು ಒತ್ತಿ ಹೇಳುತ್ತಿದ್ದೆ: ಹೆಸರು ಹಿಡಿದು ಹುಡುಕಬೇಡಿ, ತಾರೀಖು ಹಿಡಿದು ಹುಡುಕಿ. ನಮ್ಮ ಕಡೆ ಒಂದೇ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ. ಬರೆಯುವ ಗುಮಾಸ್ತ ಹೆಸರು ತಪ್ಪು ಬರೆದಿರಬಹುದು, ತಾರೀಖು ತಪ್ಪುವುದಿಲ್ಲ. ಆ ದಿನ ಎಷ್ಟು ಜನಕ್ಕೆ ಮುದ್ದೆ ಬೇಯಬೇಕು ಅನ್ನುವುದು ಅದರ ಮೇಲೇ ನಿಂತಿರುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ನಾನು ಕೊಡುವ ಪೂಜಾರಿ ಎಂದು ಹೆಸರಾಗಿದ್ದೆ. ಈ ಹೆಮ್ಮೆಯನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಮುಂದೆ ಹೇಳಲು ಬಾಯಿ ಬರುವುದಿಲ್ಲ.

ನನ್ನ ಒಬ್ಬಳೇ ಅಕ್ಕನನ್ನು ನಾಲೆ ಬಯಲಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಭಾವ ಓದು ಬಾರದವರು, ದುಡಿಮೆಗಾರರು, ಸ್ವಲ್ಪ ಮುಂಗೋಪಿ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಷ್ಟು ದಿನವೂ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಂಜನಗೂಡಿನ ತನಕ ತುಳಿದವರು ಅವರು. ನಾನು ಒಳಗೆ ಬರೆಯುವಾಗ ಅವರು ಹೊಳೆ ದಂಡೆಯಲ್ಲಿ ಕೂತಿರುತ್ತಿದ್ದರು. ಹೊರಗೆ ಬಂದ ಕೂಡಲೇ, "ಏನ್ ಬಾಮೈದ, ಸರ್ಯಾಗಿ ಗೀಚ್ದಾ?" ಎಂದು ಕೇಳುತ್ತಿದ್ದರು. ಗೀಚಿದ್ದರಿಂದಲೇ ನನಗೆ ಈ ನೌಕರಿ ಸಿಕ್ಕಿತು.

ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಗೌರಿ ಹಬ್ಬ ಕಳೆದ ಮೂರನೇ ದಿನ, ಕೋರ್ಟಿನಿಂದ ಪೇದೆಯೊಬ್ಬ ಬೇಡಿ ಹಾಕಿದ ಒಬ್ಬರನ್ನು ಕರೆತಂದು ನನ್ನ ಮೇಜಿನ ಮುಂದೆ ನಿಲ್ಲಿಸಿದ. ತಲೆ ಎತ್ತಿದರೆ ಭಾವ. ತೂಬಿನ ಹತ್ತಿರ ನೀರಿನ ಸರದಿಗೆ ಜಗಳವಾಗಿ, ಇವರು ಬೀಸಿದ ಗುದ್ದಲಿಗೆ ಒಬ್ಬನ ಮುಂಗೈ ಮೂಳೆ ಮುರಿದಿತ್ತು. ಜೊತೆಗಿದ್ದ ಇನ್ನೊಬ್ಬ ಆರೋಪಿ ಆ ಹೊತ್ತಿಗೆ ತಲೆ ತಪ್ಪಿಸಿಕೊಂಡಿದ್ದ. ಇದೆಲ್ಲ ನನಗೆ ತಿಳಿದದ್ದು ವಾರಂಟು ಓದಿದ ಮೇಲೆ.

ನನ್ನಿಂದ ಮೂರು ಮಾರು ದೂರದಲ್ಲಿ ಶಿರಸ್ತೇದಾರರು ಕೂತಿದ್ದರು. ಅವರ ಮಗಳ ಜಾತಕ ನಮ್ಮ ಮನೆಗೆ ಬಂದು ಹದಿನೈದು ದಿನವಾಗಿತ್ತು. ಅವರು ನಮ್ಮ ಮನೆತನ ವಿಚಾರಿಸಿದ್ದರು. ಅಕ್ಕನನ್ನು ಯಾವ ಊರಿಗೆ, ಯಾರ ಮಗನಿಗೆ ಕೊಟ್ಟಿದೆ ಅನ್ನುವುದೂ ಅವರಿಗೆ ಗೊತ್ತಿತ್ತು. ಪ್ರತಿ ಶನಿವಾರ ಜೈಲಿನ ರಿಜಿಸ್ಟರ್ ಓದಿ ರುಜು ಹಾಕುತ್ತಿದ್ದವರೂ ಅವರೇ.

ನನ್ನನ್ನು ನೋಡಿದ ಕೂಡಲೇ ಭಾವನ ಮುಖ ಅರಳಿತು. "ಏನ್ ಬಾ..." ಎನ್ನುವಷ್ಟರಲ್ಲಿ ನಾನು ಕೇಳಿದೆ: "ನಿನ್ನ ಹೆಸರೇನಯ್ಯಾ?"

ಅವರನ್ನು ನಾನು ಅದುವರೆಗೆ ಏಕವಚನದಲ್ಲಿ ಮಾತನಾಡಿಸಿದವನಲ್ಲ. ಭಾವ ನನ್ನ ಮುಖ ನೋಡಿದರು, ನನ್ನ ಹಿಂದೆ ಕೂತಿದ್ದವರನ್ನು ನೋಡಿದರು. ಓದು ಬಾರದಿದ್ದರೂ ಅಷ್ಟು ಓದಿಕೊಂಡರು.

"ಬರ್ಕೊಳಿ ಸಾ," ಎಂದರು.

ಹೆಸರು ಹೇಳಿದರು, ಬರೆದೆ. ತಂದೆಯ ಹೆಸರನ್ನು ಗಟ್ಟಿಯಾಗಿ ಹೇಳಿದರು. ಶಿರಸ್ತೇದಾರರು ಯಾರ ಜೊತೆಗೋ ಮಾತಿನಲ್ಲಿದ್ದರು, ಕೇಳಿಸಿಕೊಳ್ಳಲಿಲ್ಲ. ನಾನು ಬೇರೆ ಯಾವುದೋ ಹೆಸರು ಬರೆದೆ. ಊರು ಹೇಳಿದರು, ನಾನು ಹದಿನಾರು ಎಂಬ ಬೇರೊಂದು ಊರಿನ ಹೆಸರು ಬರೆದೆ. ಆ ಊರೇ ಯಾಕೆ ಕೈಗೆ ಬಂತೋ, ಬೆಳಿಗ್ಗೆ ಅಲ್ಲಿನ ಬಸ್ಸು ಕಂಡಿದ್ದೆ ಅಂತ ಕಾಣುತ್ತದೆ. ಆಮೇಲೆ ಅವರ ಹೆಬ್ಬೆಟ್ಟು ಹಿಡಿದು ಮಸಿಗೆ ಅದ್ದಿ ಆ ಸಾಲಿನ ಕೊನೆಗೆ ಒತ್ತಿಸಿದೆ. ನಾನು ಬರೆದದ್ದರಲ್ಲಿ ಅವರಿಗೆ ಅನುಮಾನ ಬರಲಿಲ್ಲ.

ಮೂವತ್ತನಾಲ್ಕು ದಿನ ಇದ್ದರು. ನಾನು ಕಂಬಿಯ ಮುಂದೆ ದಿನಕ್ಕೆ ಹತ್ತು ಸಲ ಓಡಾಡುವವನು, ಒಂದು ಸಲವೂ ನಿಲ್ಲಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವಂತೆ, ಶಿರಸ್ತೇದಾರರು ಕೆಮ್ಮಿದರೂ ನನ್ನ ಕಣ್ಣು ರಿಜಿಸ್ಟರಿನ ಕಡೆ ಹೋಗುತ್ತಿತ್ತು. ಅಕ್ಕನಿಗೆ, ಊಟ ತಂದರೆ ಕಚೇರಿ ಕಡೆ ಬರಬೇಡ, ಹಿಂದಿನ ಗೇಟಿಗೆ ಬಾ, ನಿಯಮ ಹಾಗಿದೆ ಎಂದು ಹೇಳಿ ಕಳಿಸಿದೆ. ಅಂಥ ನಿಯಮ ಯಾವುದೂ ಇರಲಿಲ್ಲ. ಅವಳು ಬಂದ ದಿನಗಳಲ್ಲಿ ಆ ಬಿಸಿಲಿನ ಗೇಟಿನಲ್ಲೇ ಬುತ್ತಿ ಹಿಡಿದು ನಿಲ್ಲುತ್ತಿದ್ದಳು.

ಜಾಮೀನು ಸಿಕ್ಕಿತು, ಭಾವ ಊರಿಗೆ ಹೋದರು. ನನಗೆ ಮದುವೆಯಾಯಿತು. ಮದುವೆಯಲ್ಲಿ ಭಾವ ಅಡಿಗೆಯವರ ಜೊತೆ ಹಂಡೆ ಹೊರುತ್ತಾ ಹಿಂದೆಯೇ ಉಳಿದುಬಿಟ್ಟರು, ಫೋಟೋಕ್ಕೂ ಬರಲಿಲ್ಲ. ನಾನು ಕರೆಯಲೂ ಇಲ್ಲ.

ಕೇಸು ಐದು ವರ್ಷ ಎಳೆದು, ಎಂಬತ್ತರ ದಶಕ ಕಾಲಿಡುವ ಹೊತ್ತಿಗೆ ಆರು ತಿಂಗಳ ಶಿಕ್ಷೆಯಾಗಿ ಭಾವ ಮೈಸೂರಿನ ಜೈಲಿಗೆ ಹೋದರು. ಇನ್ನು ಮುಚ್ಚಿಡಲು ಆಗುವುದಿಲ್ಲವೆಂದು ನಾನೇ ಮಾವನವರಿಗೆ, ಅಂದರೆ ಅದೇ ಶಿರಸ್ತೇದಾರರಿಗೆ, ತಲೆ ತಗ್ಗಿಸಿ ವಿಷಯ ಹೇಳಿದೆ. ಅವರು ಎಲೆಗೆ ಸುಣ್ಣ ಸವರುತ್ತಾ, "ನೀರಿನ ಜಗಳ ತಾನೆ? ನಮ್ಮ ದೊಡ್ಡಪ್ಪನೂ ಹದಿನೈದು ದಿನ ಒಳಗಿದ್ದು ಬಂದೋರು. ಇದಕ್ಕೆಲ್ಲ ಯಾರು ನಾಚ್ಕೋತಾರೆ ಬಿಡಿ," ಎಂದರು. ನಾನು ಐದು ವರ್ಷ ಹೆದರಿದ್ದು ಈ ಮನುಷ್ಯನಿಗೆ.

ಶಿಕ್ಷೆಯಾಗುವ ಮೊದಲೇ ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ಕಡೆಯವರು ಒಳ್ಳೆಯವರು, ಸಂಬಂಧ ಬಿಡಲಿಲ್ಲ. ಆದರೆ ಮುಹೂರ್ತ ಮುಂದಕ್ಕೆ ಹಾಕಲು ಒಪ್ಪಲಿಲ್ಲ. ಲೆಕ್ಕ ಹಾಕಿದರೆ ಭಾವ ಹೊರಗೆ ಬರುವುದು ಮದುವೆಯಾದ ಇಪ್ಪತ್ತಮೂರು ದಿನಕ್ಕೆ. ಆಗ ಮೈಸೂರಿನ ಜೈಲಿನವರು ಒಂದು ದಾರಿ ಹೇಳಿದರು. ಕೇಸು ನಡೆಯುವಾಗ ಸಬ್‌ಜೈಲಿನಲ್ಲಿ ಇದ್ದ ದಿನಗಳನ್ನು ಶಿಕ್ಷೆಯ ಲೆಕ್ಕದಿಂದ ಕಳೆಯಬಹುದು, ಅದಕ್ಕೆ ಕಾಗದ ತನ್ನಿ ಎಂದರು. ಮೂವತ್ತನಾಲ್ಕು ದಿನ ಕಳೆದರೆ ಮದುವೆಗೆ ಹನ್ನೊಂದು ದಿನ ಮುಂಚೆಯೇ ಭಾವ ಮನೆಯಲ್ಲಿರುತ್ತಿದ್ದರು.

ಅಕ್ಕ ಸ್ಟೇಷನ್ನಿಗೆ ಹೋದಳು. ಕೋರ್ಟಿಗೆ ಹೋಗಮ್ಮ ಎಂದರು. ಇನ್ನೊಬ್ಬ ಆರೋಪಿ ಅಪೀಲು ಹಾಕಿದ್ದರಿಂದ ಕೋರ್ಟಿನ ಕಡತ ಮೈಸೂರಿಗೆ ಹೋಗಿತ್ತು, ಅದು ತಿರುಗಿ ಬರುವುದಕ್ಕೆ ತಿಂಗಳುಗಳು ಬೇಕಿದ್ದವು. ಉಳಿದದ್ದು ನಮ್ಮ ರಿಜಿಸ್ಟರ್ ಒಂದೇ. ಎರಡು ಬಸ್ಸು ಬದಲಾಯಿಸಿ ಅಕ್ಕ ಕಚೇರಿಗೆ ಬಂದಳು. ಈ ಸಲ ಮುಂದಿನ ಬಾಗಿಲಿನಿಂದಲೇ ಬಂದಳು. ಅವಳ ಮುಖದಲ್ಲಿ ಆತಂಕವೇ ಇರಲಿಲ್ಲ.

"ನಿನ್ ಕಚೇರೀಲೇ ಇದ್ರಲ್ಲ ಮಗ, ಮೂವತ್ನಾಲ್ಕು ದಿನ," ಎಂದಳು. "ಅದೊಂದ ಕಾಗ್ದುದ್ ಮ್ಯಾಲೆ ಬರ್ಕೊಟ್ರೆ ಧಾರೆ ಒತ್ಗೆ ಬಂದ್ಬುಡ್ತಾರೆ. ಬ್ಯಾರೆಯೋರಾಗಿದ್ರೆ ನಾನ್ ಎದ್ರುತಿದ್ದೆ."

ನಾನಾಗ ಪಹಣಿ ವಿಭಾಗಕ್ಕೆ ಬದಲಾಗಿದ್ದೆ. ರಿಜಿಸ್ಟರ್ ನೋಡಿಕೊಳ್ಳುತ್ತಿದ್ದವನು ಬೇರೆ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಗುಮಾಸ್ತ. ಅಕ್ಕನ ಅರ್ಜಿಯನ್ನು ನಾನೇ ಬರೆದೆ. ಭಾವನ ಹೆಸರು, ಅವರ ನಿಜವಾದ ತಂದೆಯ ಹೆಸರು, ನಿಜವಾದ ಊರು, ಎಲ್ಲ ದುಂಡಗೆ ಬರೆದೆ. ತಾರೀಖಿನ ಜಾಗದಲ್ಲಿ "ಸುಮಾರು ಐದು ವರ್ಷಗಳ ಹಿಂದೆ" ಎಂದು ಬರೆದೆ. ಅಕ್ಕನಿಗೆ ಓದಿ ಹೇಳಿದೆ.

"ತಾರೀಕು ಬರೀಬ್ಯಾಡ್ವಾ?" ಎಂದಳು. "ನಂಗ್ ಗೊತ್ತು ಕಣಪ್ಪ. ಗೌರಿ ಅಬ್ಬ ಆದ ಮೂರ್ನೇ ದಿನ."

"ಬೇಡ ಅಕ್ಕ," ಎಂದೆ. "ಹೆಸರಿದ್ದರೆ ಸಾಕು."

ಗುರುತು ಪರಿಚಯವಿಲ್ಲದ ನೂರಾರು ಜನಕ್ಕೆ ತಾರೀಖು ಹಿಡಿಯಿರಿ ಎಂದು ಹೇಳಿಕೊಟ್ಟ ಬಾಯಿ ಇದು. ತಾರೀಖು ಇದ್ದರೆ ಆ ಹೊಸ ಗುಮಾಸ್ತ ಪುಟ ತೆಗೆಯುತ್ತಿದ್ದ. ಅದೇ ಹೆಸರಿನ, ಬೇರೆ ತಂದೆಯ, ಹದಿನಾರಿನ ಮನುಷ್ಯನೊಬ್ಬ ಸಿಗುತ್ತಿದ್ದ. ಪಕ್ಕದಲ್ಲಿ ನನ್ನ ಅಕ್ಷರ ಸಿಗುತ್ತಿತ್ತು. ಮೊದಲನೆಯ ತಪ್ಪು ಗಾಬರಿಯಲ್ಲಿ ಆದದ್ದು ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಎರಡನೆಯದಕ್ಕೆ ಹಾಗೆ ಹೇಳಲು ಬರುವುದಿಲ್ಲ. ಅದನ್ನು ಪೆನ್ನಿಗೆ ಮಸಿ ತುಂಬಿಕೊಂಡು, ನಿಧಾನವಾಗಿ ಮಾಡಿದೆ.

ಮಾರನೆಯ ದಿನ ಆ ಗುಮಾಸ್ತ ಕಾಫಿಗೆ ಹೋದಾಗ ನಾನು ಬೀರು ತೆಗೆದು ಆ ಪುಟ ನೋಡಿದೆ. ಭಾವನ ಹೆಬ್ಬೆಟ್ಟು ಅಚ್ಚಾಗಿ ಕೂತಿತ್ತು. ತಹಸೀಲ್ದಾರರ ಕೋಣೆ ಹತ್ತು ಹೆಜ್ಜೆ. ಒಳಗೆ ಹೋಗಿ, ಸ್ವಾಮಿ, ಈ ಸಾಲು ಸುಳ್ಳು, ಬರೆದವನು ನಾನು, ಹೆಬ್ಬೆಟ್ಟು ಹೋಲಿಸಿ ನೋಡಿ ಎಂದಿದ್ದರೆ ಮುಗಿಯುತ್ತಿತ್ತು. ಸಸ್ಪೆಂಡಾಗುತ್ತಿದ್ದೆ, ನೌಕರಿಯೂ ಹೋಗಬಹುದಿತ್ತು. ಅದಕ್ಕೆ ಹೆದರಿದೆ ಎಂದರೆ ಅರ್ಧ ನಿಜ. ಇನ್ನರ್ಧ, ಬೇಡಿ ಹಾಕಿಕೊಂಡು ನಿಂತ ಅವಳ ಗಂಡನಿಗೆ ನಾನು ನಿನ್ನ ಹೆಸರೇನಯ್ಯಾ ಎಂದದ್ದು ಅಕ್ಕನಿಗೆ ತಿಳಿಯುತ್ತದಲ್ಲ ಅನ್ನುವುದು. ರಿಜಿಸ್ಟರ್ ಮುಚ್ಚಿ ಇದ್ದ ಜಾಗದಲ್ಲೇ ಇಟ್ಟೆ.

ನಾಲ್ಕನೆಯ ದಿನ ಹಿಂಬರಹ ಬಂತು. ಅರ್ಜಿಯಲ್ಲಿ ಹೇಳಿರುವ ತಂದೆಯ ಹೆಸರು ಹಾಗೂ ಊರಿನ ವ್ಯಕ್ತಿಯ ಬಗ್ಗೆ ಸದರಿ ರಿಜಿಸ್ಟರಿನಲ್ಲಿ ನಮೂದು ಇರುವುದಿಲ್ಲ. ಅಕ್ಕನಿಗೆ ಅದನ್ನೂ ನಾನೇ ಓದಿ ಹೇಳಿದೆ.

"ಅಂಗಾರೆ ಅವ್ರು ಇರ್ನೇ ಇಲ್ವಾ?" ಎಂದಳು. "ಇಂದ್ಗಡೆ ಗೇಟ್ನಲ್ಲಿ ನಾನು ಮುದ್ದೆ ಕೊಟ್ಟಿದ್ದು ಯಾರ್ಗೆ ಮಗ?"

ಕಚೇರಿಗಳೇ ಹೀಗೆ ಅಕ್ಕ ಎಂದೆ. ಅವಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋದಳು. ನಾನು ಬಸ್‌ಸ್ಟ್ಯಾಂಡಿನ ತನಕ ಹೋಗಿ ಹತ್ತಿಸಿ ಬಂದೆ. ಒಳ್ಳೆಯ ತಮ್ಮ.

ಮದುವೆ ಬನ್ನೂರಿನಲ್ಲಿ ನಡೆಯಿತು. ಧಾರೆ ಎರೆಯುವುದಕ್ಕೆ ದಂಪತಿ ಬೇಕು. ಗಂಡ ಪಕ್ಕದಲ್ಲಿಲ್ಲದೆ ಅಕ್ಕ ಹಸೆಯ ಬಳಿ ನಿಲ್ಲುವಂತಿರಲಿಲ್ಲ. ಹಿರಿಯರು ಸೋದರಮಾವನೇ ನಿಲ್ಲಲಿ ಎಂದರು. ಭಾವನ ಚಿಕ್ಕಪ್ಪನ ಮಗ ಒಬ್ಬನಿದ್ದಾನಲ್ಲ, ಅವನು ನಿಲ್ಲಲಿ ಎಂದು ನಾನು ತಪ್ಪಿಸಿಕೊಳ್ಳಲು ನೋಡಿದೆ. ಅಕ್ಕ ಬಂದು ನನ್ನ ಕೈ ಹಿಡಿದುಕೊಂಡಳು.

"ನೀನೇ ನಿಂತ್ಕೊ ಮಗ. ಅವ್ರೇ ಯೋಳ್ ಕಳ್ಸವ್ರೆ, ನಮ್ ಬಾಮೈದ ಎರೀಲಿ ಅಂತ."

ನಿಂತೆ. ನನ್ನ ಹೆಂಡತಿ ತಂಬಿಗೆ ಬಗ್ಗಿಸಿದಳು, ನಾನು ಆ ಹುಡುಗಿಯ ಕೈ ಹಿಡಿದೆ. ಪುರೋಹಿತರು ಕನ್ಯೆಯ ತಂದೆಯ ಹೆಸರು ಹೇಳಿ ಎಂದು ಕೇಳಿದರು. ಭಾವನ ಹೆಸರು, ಆಮೇಲೆ ಅವರ ತಂದೆಯ ಹೆಸರು. ಈ ಸಲ ಸರಿಯಾಗಿ ಹೇಳಿದೆ, ಗಟ್ಟಿಯಾಗಿ ಹೇಳಿದೆ. ಅಕ್ಕ ಕಂಬದ ಮರೆಯಲ್ಲಿ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಕಣ್ಣಲ್ಲೂ ನೀರು ಬಂತು. ಸೋದರಮಾವನಿಗೆ ಎಷ್ಟು ಅಂತಃಕರಣ ನೋಡಿ ಎಂದು ಯಾರೋ ಹೆಂಗಸು ಹಿಂದಿನಿಂದ ಹೇಳಿದ್ದು ಕೇಳಿಸಿತು.

ಬಿಡುಗಡೆಯಾದ ಮಾರನೆಯ ದಿನ ಮಧ್ಯಾಹ್ನ ಭಾವ ನಮ್ಮ ಮನೆಗೆ ಬಂದರು. ಕೂದಲು ನರೆತಿತ್ತು. ಕುರ್ಚಿ ತೋರಿಸಿದರೂ ಬಾಗಿಲ ಪಕ್ಕ ಚಾಪೆಯ ಮೇಲೆ ಕೂತರು. ಹೆಂಡತಿ ಕಾಫಿ ಕೊಟ್ಟಳು.

"ಧಾರೆ ಚೆನ್ನಾಗಾಯ್ತಂತೆ ಸಾ," ಎಂದರು.

ಹೆಂಡತಿ ನಕ್ಕಳು. "ಇದೇನಣ್ಣ, ಬಾಮೈದನಿಗೆ ಸಾ ಅಂತೀರಾ?"

"ಜೈಲಲ್ಲಿ ಅಭ್ಯಾಸ ಆಗೋಯ್ತು ಕಣವ್ವ," ಎಂದು ಅವರೂ ನಕ್ಕರು. ಅವಳು ಒಳಗೆ ಹೋಗುವ ತನಕ ಕಾಫಿಯನ್ನು ಊದುತ್ತಾ ಕೂತಿದ್ದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು:

"ಅವತ್ತು ನಮ್ಮಪ್ಪನ್ ಎಸ್ರ ನಾನು ಗಟ್ಟಿಯಾಗೇ ಯೋಳಿದ್ನಲ್ವಾ ಸಾ?"

"ಹೌದು ಭಾವ," ಎಂದೆ. "ಗಟ್ಟಿಯಾಗೇ ಹೇಳಿದಿರಿ."

ಅವರು ತಲೆಯಾಡಿಸಿದರು. ಕಾಫಿ ಮುಗಿಸಿ, ಲೋಟವನ್ನು ತಾವೇ ಬಚ್ಚಲಿನಲ್ಲಿ ತೊಳೆದು ಕವುಚಿ ಇಟ್ಟು ಹೊರಟರು. ಅಕ್ಕನಿಗೆ ಅವರು ಈ ವಿಷಯ ಹೇಳಲೇ ಇಲ್ಲ, ನಾನೂ ಹೇಳಲಿಲ್ಲ. ಆಮೇಲೂ ಹಬ್ಬಕ್ಕೆ ಬಂದರು, ನನ್ನ ಮಕ್ಕಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಸುತ್ತಾಡಿಸಿದರು, ಮನೆಗೆ ಬೇಕೆಂದು ಹೊಸ ಅಕ್ಕಿ ತಂದುಕೊಟ್ಟರು. ಆದರೆ ಬದುಕಿರುವ ತನಕ ನನ್ನನ್ನು ಸಾ ಎಂದೇ ಕರೆದರು.