ಉಗುರಿಲ್ಲದ ಕರಡಿ

ಗಂಗಲಕ್ಷ್ಮಮ್ಮ ಮೇಡಂ ಒಂದು ಕಡೆ ನೆಟ್ಟಗೆ ಕೂತದ್ದನ್ನು ಕಂಡವರು ಇಡೀ ಚನ್ನಪಟ್ಟಣದಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ. ಊಟಕ್ಕೆ ಕೂತರೂ ಎರಡು ತುತ್ತಿಗೊಮ್ಮೆ ಎದ್ದು ಒಲೆ ನೋಡಿ ಬರುವ ಹೆಂಗಸು. ಬೆಳಗ್ಗೆ ರಾಮನಗರದ ಬಸ್ಸು ಹತ್ತಿ, ಕೆಂಗಲ್ ಆಂಜನೇಯನಿಗೆ ಕೂತಲ್ಲೇ ಕೈಮುಗಿದರೆ ಮುಗಿಯಿತು. ಊರು ಇನ್ನೂ ದೂರ ಇರುವಾಗಲೇ ಬ್ಯಾಗು ಹೆಗಲಿಗೇರಿಸಿ ಬಾಗಿಲ ಹತ್ತಿರ ನಿಂತುಬಿಡುತ್ತಾರೆ. ನೀವು ನಿಂತರೆ ಬಸ್ಸು ಬೇಗ ಹೋಗುತ್ತದಾ ಎಂದು ರೇಗಿಸಿ ರೇಗಿಸಿ ಕಂಡಕ್ಟರಿಗೇ ಸುಸ್ತಾಗಿದೆ. ರಾಮನಗರದಿಂದ ಮಾಗಡಿ ರಸ್ತೆಯ ಇನ್ನೊಂದು ಬಸ್ಸು, ಅದರಿಂದ ಇಳಿದ ಮೇಲೆ ಬಂಡೆಗಳ ಬುಡದ ಸೀಗೆದೊಡ್ಡಿಯ ತನಕ ನಡಿಗೆ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಲೆಕ್ಕದಿಂದ ಹಿಡಿದು ಹಾಡಿನ ತನಕ ಎಲ್ಲವನ್ನೂ ಅವರೇ ಕಲಿಸುತ್ತಾರೆ. ಆದರೆ ಊರಿನವರು ಅವರನ್ನು ಗುರುತಿಸುವುದು ಒಂದೇ ಒಂದು ಪಾಠದಿಂದ.

‘ಮೈ ನೋಡು, ಊಟ ಹೇಳು’ ಅಂತ ಆ ಪಾಠಕ್ಕೆ ಹೆಸರು. ಮೇಡಂ ಬ್ಯಾಗಿನಿಂದ ಮರದ ಪ್ರಾಣಿಯೊಂದನ್ನು ಟವೆಲ್ಲಿನಲ್ಲಿ ಮುಚ್ಚಿಕೊಂಡೇ ತೆಗೆಯುತ್ತಾರೆ. ಮೊದಲು ಕೊಕ್ಕೋ ಮೂತಿಯೋ ಅಷ್ಟೇ ಹೊರಗೆ. ಹೆಸರು ಕೇಳುವುದಿಲ್ಲ, ಇದು ಏನು ತಿಂದು ಬದುಕುತ್ತದೆ ಎಂದು ಕೇಳುತ್ತಾರೆ. ರಣಹದ್ದಿನ ತಲೆ ಯಾಕೆ ಬೋಳು? ಸತ್ತ ದನದ ಹೊಟ್ಟೆಯೊಳಗೆ ತಲೆ ತೂರಿಸುವವನಿಗೆ ಕ್ರಾಪು ಯಾಕೆ ಎಂದು ಮಕ್ಕಳೇ ಹೇಳಬೇಕು. ಚಿರತೆಯ ಹೆಜ್ಜೆಯಲ್ಲಿ ಉಗುರಿನ ಗುರುತು ಯಾಕಿಲ್ಲ? ಮೊಂಡಾಗದಿರಲಿ ಅಂತ ಒಳಗೆ ಎಳೆದುಕೊಂಡು ನಡೆಯುತ್ತದೆ. ಮೊಲದ ಕಣ್ಣು ಪಕ್ಕಕ್ಕೆ, ಗೂಬೆಯ ಕಣ್ಣು ಮುಂದಕ್ಕೆ, ಯಾಕೆ? ಯಾರ ಬಾಯಿಗೂ ಸಿಗಬಾರದು ಅನ್ನುವವನು ಸುತ್ತಲೂ ನೋಡಬೇಕು, ಹಿಡಿದು ತಿನ್ನುವವನು ನೆಟ್ಟಗೆ ನೋಡಿದರೆ ಸಾಕು. ಮಕ್ಕಳಿಗೆ ಈ ಪಾಠದ ಹುಚ್ಚು. ಮನೆಗೆ ಬಂದ ನೆಂಟರ ಹಲ್ಲು ನೋಡಿ ಅವರ ಊಟ ಹೇಳಲು ಹೋಗಿ ಒದೆ ತಿಂದವರೂ ಇದ್ದಾರೆ.

ಆ ಗೊಂಬೆಗಳನ್ನು ಮಾಡಿಕೊಡುವವರು ಮೇಡಂ ಗಂಡ ಮುನಿಶಾಮಯ್ಯ. ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ, ಗಿರಗಿರ ತಿರುಗುವಾಗ ಉಳಿ ಹಿಡಿದು ಆಕಾರ ತೆಗೆದು, ಅರಗಿನ ಬಣ್ಣ ಒತ್ತಿ, ತಾಳೆಗರಿಯಿಂದ ಹೊಳಪು ಬರಿಸುವ ಕಸುಬು ಅವರದು. ಹೆಂಡತಿ ಎಷ್ಟು ಚಡಪಡಿಕೆಯೋ ಗಂಡ ಅಷ್ಟು ನಿಧಾನ. ಏನು ಮಾಡಿದರೂ ಕೊನೆಗೆ ಅದನ್ನು ತಮ್ಮ ಕೆನ್ನೆಗೆ ಉಜ್ಜಿ ನೋಡುತ್ತಾರೆ. ಎಲ್ಲಾದರೂ ಚುಚ್ಚಿತೋ, ಮತ್ತೆ ಯಂತ್ರಕ್ಕೆ. ಮಗುವಿನ ಬಾಯಿಗೆ ಹೋಗುವ ವಸ್ತು, ಗೀರಬಾರದು ಎಂದು ಅವರಪ್ಪ ಉಳಿ ಹಿಡಿಯುವ ಮೊದಲೇ ಹೇಳಿಕೊಟ್ಟಿದ್ದರು. ಆ ಬೀದಿಯ ಕೆಲಸಗಾರರೆಲ್ಲ ಹಾಗೇ, ಕೆನ್ನೆ ಒಪ್ಪದ ಗೊಂಬೆ ಅಂಗಡಿಗೆ ಹೋಗುವುದಿಲ್ಲ.

ಈ ವರ್ಷ ಶಾಲೆ ಶುರುವಾದ ಹೊಸತರಲ್ಲೇ ಹಲಸಿನ ಹಣ್ಣಿನ ವಾಸನೆ ಹಿಡಿದು ಬೆಟ್ಟದ ಕರಡಿ ಕೆಳಗಿಳಿಯಿತು. ಒಬ್ಬರು ತೋಟದಲ್ಲಿ ಕಂಡರು, ಇನ್ನೊಬ್ಬರು ಕೆರೆ ಏರಿಯ ಮೇಲೆ ಕಂಡರು. ಮೂರನೆಯವರ ಬಾಯಿಗೆ ಬರುವಷ್ಟರಲ್ಲಿ ಅದು ಮನುಷ್ಯರನ್ನು ತಿನ್ನುವ ಕರಡಿ ಆಗಿಹೋಗಿತ್ತು. ಬಂಡೆ ಹಾದಿಯಲ್ಲಿ ನಡೆದು ಬರುವ ಮಕ್ಕಳು ಒಬ್ಬೊಬ್ಬರಾಗಿ ಶಾಲೆ ತಪ್ಪಿಸಿದರು. ಅವರಲ್ಲಿ ಭಾನುಪ್ರಿಯ ಒಬ್ಬಳು. ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಕರಿಯಪ್ಪನ ಮಗಳು, ನಾಲ್ಕನೇ ಕ್ಲಾಸು, ಟವೆಲ್ಲು ಸರಿಸುವ ಮೊದಲೇ ಉತ್ತರ ಹೇಳುವ ಹುಡುಗಿ. ಅವಳ ಜಾಗ ಖಾಲಿ ಕಂಡಾಗೆಲ್ಲ ಮೇಡಂ ಪಾಠ ಬಿಟ್ಟು ಕಿಟಕಿಗೆ ಹೋಗಿ ಬಂಡೆ ಹಾದಿ ನೋಡಿ ಬರುತ್ತಿದ್ದರು. ಇವತ್ತು ಹೆದರಿ ಮನೆಯಲ್ಲಿ ಕೂತ ಹುಡುಗಿ ನಾಳೆ ಹುಳು ಮನೆಯಲ್ಲಿ ಸೊಪ್ಪು ಹಾಕುತ್ತಾ ಅಲ್ಲೇ ಉಳಿದುಬಿಡುತ್ತಾಳೆ. ಅಂಥವರನ್ನು ಅವರು ಬೇಕಾದಷ್ಟು ಕಂಡಿದ್ದರು.

ಸರಿ, ಗಂಡನ ತಲೆ ತಿಂದು ಒಂದೇ ಸಂಜೆಗೆ ಕರಡಿ ಮಾಡಿಸಿದರು. ಬೆಳಗ್ಗೆ ನೋಡಿದರೆ ಕರಡಿ ಸೊಗಸಾಗಿತ್ತು. ಎದೆ ಮೇಲೆ ಬಿಳಿ ಪಟ್ಟೆ, ಉದ್ದ ಮೂತಿ, ಜೋತುಬಿದ್ದ ತುಟಿ, ಒಳಗೆ ಮೇಲಿನ ಸಾಲಿನಲ್ಲಿ ನಡುವಿನ ಎರಡು ಹಲ್ಲಿಲ್ಲದ ಸಂದಿ ಕೂಡ ಇತ್ತು. ಕಾಲು ಮಾತ್ರ ನಾಲ್ಕೂ ಬೋಂಡದ ಹಾಗೆ ಗುಂಡಗೆ, ನುಣ್ಣಗೆ, ಉಗುರೇ ಇಲ್ಲ. ಕೇಳಿದರೆ ಮುನಿಶಾಮಯ್ಯ, ಮಕ್ಕಳಿಗೆ ಚುಚ್ಚಲ್ವಾ, ಬೇಕಿದ್ದರೆ ಸಂಜೆ ಬಣ್ಣದಲ್ಲಿ ಗೆರೆ ಹಾಕಿಕೊಡುತ್ತೇನೆ, ಒಸಿ ತಡಿ ಎಂದರು. ಬಸ್ಸಿನಲ್ಲಿ ಕೂರಲಾಗದ ಹೆಂಗಸು ಸಂಜೆ ತನಕ ತಡೆಯುವುದುಂಟೇ? ಆತುರಗಾರನಿಗೆ ಬುದ್ಧಿ ಮಟ್ಟ. ಕರಡಿ ಬ್ಯಾಗಿಗೆ ಬಿತ್ತು, ಮೇಡಂ ಬಸ್ ಸ್ಟ್ಯಾಂಡಿಗೆ ಓಡಿದರು.

ಅವತ್ತು ಮನೆಮನೆಗೆ ಹೋಗಿ ಮಕ್ಕಳನ್ನು ಎಳೆದು ತಂದು ಪಾಠ ಮಾಡಿದರು. ಪಾಠವೇನೋ ಚೆನ್ನಾಗೇ ಆಯಿತು. ಈ ಹಲ್ಲಿನ ಸಂದಿ ಯಾಕೆ? ಹುತ್ತಕ್ಕೆ ಮೂತಿ ಇಟ್ಟು ಗೆದ್ದಲನ್ನು ಸೊರ್ ಎಂದು ಹೀರುವುದಕ್ಕೆ. ಹುತ್ತ ಹೇಗೆ ಒಡೆಯುತ್ತದೆ ಎಂದು ಯಾರೋ ಕೇಳಿದಾಗ ಕೈಬೆರಳು ಬಗ್ಗಿಸಿ, ಹೀಗೆ ಕೆರೆಯುತ್ತದೆ ಎಂದು ತೋರಿಸಿ ಮುಂದಕ್ಕೆ ಹೋದರು. ಗೆದ್ದಲು, ಇರುವೆ, ಹಲಸು, ಜೇನು, ಇಷ್ಟೇ ಅದರ ಊಟ, ನಿಮ್ಮನ್ನು ಅದು ಯಾತಕ್ಕೆ ತಿನ್ನುತ್ತದೆ ಎಂದು ನಗಿಸಿದರು. ಮಕ್ಕಳು ಗೊಂಬೆಯನ್ನು ಕೈಯಿಂದ ಕೈಗೆ ದಾಟಿಸಿ, ನುಣ್ಣನೆ ಪಾದ ಸವರಿ, ಸೊರ್ ಸೊರ್ ಎನ್ನುತ್ತಾ ಮನೆಗೆ ಹೋದರು. ಮರುದಿನದಿಂದ ಹಾಜರಿ ತುಂಬಿತು. ಮೇಡಂ ಆ ವಾರವೆಲ್ಲ ಗೆದ್ದವರಂತೆ ಓಡಾಡಿದರು.

ಮುಂದಿನ ಸೋಮವಾರ ಭಾನುಪ್ರಿಯ ಪ್ರಾರ್ಥನೆಗೆ ಇರಲಿಲ್ಲ. ಬೆಲ್ಲು ಹೊಡೆದ ಮೇಲೂ ಬರಲಿಲ್ಲ. ಮೇಡಂ ಗೇಟಿಗೂ ಕ್ಲಾಸಿಗೂ ಓಡಾಡುವುದನ್ನು ನೋಡಿ, ಅವಳ ಪಕ್ಕ ಕೂರುವ ಸಾನಾ ತಡೆಯಲಾರದೆ ಎದ್ದು ನಿಂತಳು.

"ಮಿಸ್, ಭಾನು ಹಲಸಿನ ತೊಳೆ ತಗಂಡು ಬಂಡೆ ಹತ್ರ ಹೋಗವ್ಳೆ. ಕರಡಿ ಹೀರಾದು ನೋಡ್ಕಂಡು ಬತ್ತೀನಿ ಅಂದ್ಲು. ಅದೇನೂ ಮಾಡಕಿಲ್ಲ ಅಂತ ನೀವೇ ಹೇಳಿದ್ರಲ್ಲ ಮಿಸ್."

ಮೇಡಂ ಆಗಲೇ ಬಾಗಿಲಲ್ಲಿದ್ದರು. ತಾನು ಹಾಗೆ ಹೇಳಿಲ್ಲ, ತಿನ್ನುವುದಿಲ್ಲ ಎಂದಷ್ಟೇ ಹೇಳಿದ್ದು. ಆದರೆ ನುಣ್ಣನೆ ಪಾದದ ಗೊಂಬೆ ಕೈಗೆ ಕೊಟ್ಟು ತಿನ್ನುವುದಿಲ್ಲ ಎಂದರೆ ಮಗು ಇನ್ನೇನು ತಿಳಿದುಕೊಳ್ಳುತ್ತದೆ? ಮೇಡಂ ಚಪ್ಪಲಿಯ ಪರಿವೆಯಿಲ್ಲದೆ ಓಡಿದರು. ದಾರಿಯ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಕರಿಯಪ್ಪನಿಗೆ ವಿಷಯ ತಿಳಿಸುವಷ್ಟರಲ್ಲಿ ಅವನು ಕುಡುಗೋಲು ಹಿಡಿದು ಅವರನ್ನೂ ದಾಟಿ ಓಡುತ್ತಿದ್ದ.

ಬಂಡೆಯ ತಿರುವಿನಲ್ಲಿ ಇಬ್ಬರಿಗೂ ಕಂಡಿತು. ಕೆಳಗೆ ಲಂಟಾನಾ ಪೊದೆಯ ಪಕ್ಕದಲ್ಲಿ ಕರಡಿ ಹುತ್ತ ಒಡೆಯುತ್ತಿತ್ತು. ಮಣ್ಣಿನ ಹೆಂಟೆಗಳು ಹಿಂದಕ್ಕೆ ಚಿಮ್ಮಿ ಬೀಳುತ್ತಿದ್ದವು. ಅದರ ಈ ಪಕ್ಕದಲ್ಲಿ, ಕೂಗಿದರೆ ಕೇಳುವುದಿರಲಿ ಪಿಸುಗುಟ್ಟಿದರೂ ಕೇಳುವಷ್ಟು ಹತ್ತಿರದಲ್ಲಿ, ಯೂನಿಫಾರ್ಮು ಹಾಕಿಕೊಂಡ ಹುಡುಗಿ ಎರಡೂ ಕೈಯಲ್ಲಿ ತೊಳೆ ಹಿಡಿದು ನಿಂತಿದ್ದಳು. ಹುಡುಗಿಯ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಮೇಡಂ ಹೆದರಿದ್ದು ಅದನ್ನು ಕಂಡೇ.

ಕರಿಯಪ್ಪ ಕೂಗಲು ಬಾಯಿ ತೆರೆದ. ಮೇಡಂ ಅವನ ತೋಳನ್ನು ಬಲವಾಗಿ ಹಿಡಿದರು.

"ಕೂಗಬ್ಯಾಡ ಕಣಪ್ಪಾ. ಅದು ಮಗೀನ ನೋಡಿಲ್ಲ. ಬೆಚ್ಚಿದ್ರೆ ಮೇಲೆ ಬೀಳ್ತದೆ."

ಸಣ್ಣ ಕಣ್ಣು, ದೂರ ಕಾಣುವುದಿಲ್ಲ. ಮೂತಿ ಹುತ್ತದೊಳಗಿದೆ, ಹೀರುವ ಸದ್ದಿನಲ್ಲಿ ಬೇರೆ ಸದ್ದು ಕೇಳುವುದಿಲ್ಲ. ಗಾಳಿ ಕರಡಿಯ ಕಡೆಯಿಂದ ಇತ್ತ ಬೀಸುತ್ತಿದೆ, ನಾತ ಇವರ ಮೂಗಿಗೆ ಬರುತ್ತಿದೆ, ಇವರದು ಅದಕ್ಕಿಲ್ಲ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ್ದೆಲ್ಲ ಒಟ್ಟಿಗೆ ಎದುರು ನಿಂತಿತ್ತು. ಮಾಡಬೇಕಾದದ್ದು ಒಂದೇ, ಅಲುಗದೆ ನಿಲ್ಲುವುದು. ಹುಟ್ಟಿದಾಗಿನಿಂದ ಆ ಹೆಂಗಸಿಗೆ ಬಾರದ ಕೆಲಸ ಅದೊಂದೇ. ಮೊಣಕಾಲು ತಾನಾಗಿ ಕುಣಿಯುತ್ತಿತ್ತು, ಓಡಿಹೋಗಿ ಹುಡುಗಿಯನ್ನು ಬಾಚಿಕೊಳ್ಳಬೇಕೆಂದು ಮೈಯೆಲ್ಲ ಎಳೆಯುತ್ತಿತ್ತು. ಮೇಡಂ ನಿಂತರು. ಹುಡುಗಿ ತಿರುಗಿ ನೋಡಿದಾಗ, ಕ್ಲಾಸಿನಲ್ಲಿ ಗಲಾಟೆ ಹೆಚ್ಚಾದರೆ ಮಾಡುವ ಸನ್ನೆಯನ್ನೇ ಮಾಡಿದರು: ತುಟಿಯ ಮೇಲೆ ಬೆರಳು, ಆಮೇಲೆ ಕೈಕಟ್ಟು. ಭಾನುಪ್ರಿಯ ತೊಳೆಯನ್ನು ಮೆಲ್ಲಗೆ ಕೆಳಗಿಟ್ಟು ಕೈಕಟ್ಟಿ ನಿಂತಳು.

ಎಷ್ಟು ಹೊತ್ತು ಹಾಗೆ ನಿಂತಿದ್ದರೋ ದೇವರಿಗೇ ಗೊತ್ತು. ಕರಡಿ ಒಮ್ಮೆ ಹಿಂಗಾಲಿನ ಮೇಲೆ ಎದ್ದು ಮೂಗೆತ್ತಿತು. ಮಣ್ಣು ಮೆತ್ತಿದ ಮುಂಗಾಲುಗಳಿಂದ ಬಿಳಿಚಿಕೊಂಡ ಉಗುರುಗಳು ಬಾಗಿ ಇಳಿಬಿದ್ದಿದ್ದವು. ಮೇಡಂ ಪ್ರಾಣಿಗಳ ಪಾಠವನ್ನು ವರ್ಷಗಟ್ಟಲೆ ಹೇಳಿದವರು, ಕರಡಿಯ ಉಗುರನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಆಮೇಲೆ ಅದಕ್ಕೆ ಏನನ್ನಿಸಿತೋ ಏನೋ, ಗೊಣಗಿಕೊಂಡು ನಾಲ್ಕು ಕಾಲಿಗೆ ಇಳಿದು ಪೊದೆಯೊಳಗೆ ನುಗ್ಗಿ ಬೆಟ್ಟದ ಕಡೆ ಹೊರಟುಹೋಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಕರಿಯಪ್ಪ ಮಗಳನ್ನು ಎತ್ತಿಕೊಂಡ. ಅವನ ಹೆಗಲ ಮೇಲಿಂದಲೇ ಅವಳು ಮೇಡಂ ಕಡೆ ನೋಡಿದಳು. ಈಗ ಅಪ್ಪನ ಅಂಗಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

"ಮಿಸ್, ಅದ್ರ ಕೈಯಾಗೆ ಕುಡುಗೋಲು ಐತೆ. ನಮ್ಮ ಕರಡಿಗೆ ಯಾಕಿಲ್ಲ?"

ಅದಕ್ಕೆ ಉತ್ತರ ಕೊಟ್ಟದ್ದು ಕರಿಯಪ್ಪ. ನಿಮ್ಮ ಪಾಠ ನಿಮ್ಮ ಹತ್ತಿರವೇ ಇರಲಿ, ನನ್ನ ಮಗಳು ಇನ್ನು ಶಾಲೆಗೆ ಬರುವುದಿಲ್ಲ, ಹೆದರಿಕೊಂಡಿದ್ದವಳು ಬದುಕಿದ್ದಳು, ಧೈರ್ಯ ಕೊಟ್ಟು ಸಾಯಿಸುತ್ತಿದ್ದಿರಿ ಎಂದು ಹೇಳಿ ಹೋದ. ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು, ಅವನು ತಣ್ಣಗೆ ಹೇಳಿದ.

ಅವತ್ತು ಬಸ್ಸಿನಲ್ಲಿ ಮೇಡಂ ರಾಮನಗರದಲ್ಲೇ ಬಾಗಿಲಿಗೆ ಬಂದು ನಿಂತವರು ಚನ್ನಪಟ್ಟಣದ ತನಕ ನಿಂತೇ ಬಂದರು. ನೇರ ಗಂಡನ ಯಂತ್ರದ ಮುಂದೆ ಹೋಗಿ, ಇದಕ್ಕೆ ಉಗುರು ಹಾಕು ಎಂದು ಕರಡಿ ಇಟ್ಟರು. ಮುನಿಶಾಮಯ್ಯ ಎಂದಿನಂತೆ, ನನ್ನ ಗೊಂಬೆ ಹಿಡಿದು ಇಷ್ಟು ವರ್ಷದಲ್ಲಿ ಒಂದು ಮಗುವಿಗೂ ಗೀರಿಲ್ಲ ಎಂದು ಶುರುಮಾಡಿದರು. ಮೇಡಂ ನಡೆದದ್ದೆಲ್ಲ ಹೇಳಿದರು. ಹೇಳುತ್ತಾ ಅತ್ತರು, ಅಳುತ್ತಾ ಅಂಗಡಿಯ ಉದ್ದಕ್ಕೂ ಓಡಾಡಿದರು. ಮುನಿಶಾಮಯ್ಯ ಯಂತ್ರ ನಿಲ್ಲಿಸಿದರು. ಬಿದಿರಿನ ಸೀಳು ತಂದು, ಕೂರಾಗಿ ಕೆತ್ತಿ, ಒಂದೊಂದನ್ನೂ ಬಾಗಿಸಿ ಪಾದಕ್ಕೆ ನೆಟ್ಟರು. ಕೊನೆಗೆ ಅಭ್ಯಾಸದಂತೆ ಕೆನ್ನೆಗೆ ಒತ್ತಿ ನೋಡಿಕೊಂಡರು. ಕೆಂಪಗೆ ಗೀರು ಎದ್ದಿತು. ಒರೆಸಿಕೊಂಡು, ತಗೋ, ಆಯಿತು ಎಂದರು.

ಮರುದಿನ ಬೆಲ್ಲಿಗೂ ಮೊದಲೇ ಮೇಡಂ ಕರಿಯಪ್ಪನ ಮನೆ ಜಗಲಿಯಲ್ಲಿದ್ದರು. ತಪ್ಪಾಯಿತು ಅನ್ನಲು ಬಂದಿದ್ದೇನೆ ಎಂದು ಗೊಂಬೆಯನ್ನು ಅವನ ಕೈಗೆ ಕೊಟ್ಟರು. ಅವನು ಹೆಬ್ಬೆರಳಿಂದ ಉಗುರು ಮುಟ್ಟಿ ನೋಡಿದ, ವಾಪಸು ಕೊಟ್ಟು ಸೊಪ್ಪಿಗೆ ಹೋದ.

ಕ್ಲಾಸಿನಲ್ಲಿ ಟವೆಲ್ಲು ಮುಚ್ಚಲಿಲ್ಲ. ಪ್ರತಿ ಮಗುವೂ ಆ ಉಗುರಿಗೆ ಬೆರಳು ಒತ್ತಿ ನೋಡಬೇಕು ಎಂದರು.

"ಅದು ಏನು ತಿಂತದೆ ಅಂತ ಹೇಳ್ದೆ. ಹೆದರಿಕೊಂಡ್ರೆ ಏನು ಮಾಡ್ತದೆ ಅಂತ ಹೇಳ್ಲಿಲ್ಲ. ಅರ್ಧ ಪಾಠ ಹೇಳಿ ನಿಮ್ಮನ್ನ ಕಳಿಸ್ಬುಟ್ಟೆ."

ಆಮೇಲೆ ಉಳಿದರ್ಧ ಹೇಳಿದರು. ಕಣ್ಣು ಸಣ್ಣದು, ಸದ್ದಿಲ್ಲದೆ ಹತ್ತಿರ ಹೋದರೆ ಬೆಚ್ಚುತ್ತದೆ, ಬೆಚ್ಚಿದರೆ ಈ ಉಗುರು. ಆದ್ದರಿಂದ ಬಂಡೆ ಹಾದಿಯಲ್ಲಿ ಒಬ್ಬೊಬ್ಬರೇ ಬರಬಾರದು, ದೊಡ್ಡವರೊಬ್ಬರು ಜೊತೆಗಿರಬೇಕು, ಬಾಯಿ ಮುಚ್ಚಿಕೊಂಡು ಬರಬಾರದು. ದೂರದಿಂದಲೇ ಗಲಾಟೆ ಕೇಳಿದರೆ ಅದೇ ಜಾಗ ಬಿಟ್ಟು ಹೋಗುತ್ತದೆ. ಗಲಾಟೆ ಮಾಡಿ ಎಂದು ಮೇಡಂ ಹೇಳಿದ್ದು ಆ ಶಾಲೆಯಲ್ಲಿ ಅದೇ ಮೊದಲು. ಭಾನುಪ್ರಿಯಳ ಜಾಗ ಖಾಲಿಯೇ ಇತ್ತು. ಸಂಜೆ ಸಾನಾ ಆ ಉಳಿದರ್ಧ ಪಾಠವನ್ನು ಅವಳ ಮನೆ ಜಗಲಿಯಲ್ಲಿ ನಿಂತು ಒಪ್ಪಿಸಿದಳು.

ಅದರ ಮಾರನೇ ದಿನ ಮೇಡಂ ಗೇಟಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದರು. ಬಂಡೆ ಕಡೆಯಿಂದ ಗದ್ದಲ ಕೇಳಿಸಿತು. ಮಕ್ಕಳು ಗಂಟಲು ಹರಿಯುವ ಹಾಗೆ ಮಗ್ಗಿ ಕೂಗುತ್ತಾ ಬರುತ್ತಿದ್ದರು. ಮೇಡಂ ನಿಂತು ಕಿವಿಗೊಟ್ಟರು. ಸಾನಾಳ ದನಿ ಇತ್ತು, ಇನ್ನೂ ಯಾರು ಯಾರದೋ ಇತ್ತು. ಅವೆಲ್ಲದರ ನಡುವೆ, ಎಲ್ಲರೂ ಮುಗಿಸುವ ಮೊದಲೇ ಉತ್ತರ ಹೇಳಿಬಿಡುವ ಒಂದು ದನಿಯೂ ಇತ್ತು. ಹಿಂದುಗಡೆ ತಗಡಿನ ಡಬ್ಬವನ್ನು ಕುಡುಗೋಲಿನಿಂದ ಬಡಿಯುತ್ತಾ ಕರಿಯಪ್ಪ ಬರುತ್ತಿದ್ದ.

ಗಂಗಲಕ್ಷ್ಮಮ್ಮ ಮೇಡಂ ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತರು. ಮಕ್ಕಳೆಲ್ಲ ಒಳಗೆ ಹೋದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದರು.